ನಾಯಿಗಳ ತುರಿಕೆ ಮತ್ತು ಚರ್ಮದ ಅಲರ್ಜಿ: ಚೆನ್ನೈ ನಗರದಲ್ಲಿ

ನಾಯಿಯನ್ನು ತಿಂಗಳುಗಟ್ಟಲೆ ಕಾಡುವ ತುರಿಕೆ ತಾನೇ ಒಂದು ರೋಗವಲ್ಲ, ಲಕ್ಷಣ. ಚಿಗಟ, ಉಣ್ಣಿ, ಕಜ್ಜಿ ಹುಳು, ಯೀಸ್ಟ್, ಬ್ಯಾಕ್ಟೀರಿಯಾ, ತಿನ್ನುವ ಆಹಾರ, ಮನೆಯ ಧೂಳು, ಗಾಳಿಯ ಪರಾಗ, ಇವುಗಳಲ್ಲಿ ಯಾವುದೋ ಒಂದರಿಂದ ಅಥವಾ ಎರಡು ಮೂರು ಸೇರಿ ಅದು ಬರುತ್ತದೆ. ನಾಯಿ ಪಾದ ನೆಕ್ಕುತ್ತದೆ, ಕಿವಿ ಕೆರೆದುಕೊಳ್ಳುತ್ತದೆ, ಮುಖವನ್ನು ಸೋಫಾಕ್ಕೆ ಉಜ್ಜುತ್ತದೆ, ಬಾಲದ ಬುಡವನ್ನು ಹಲ್ಲಿನಿಂದ ಕಚ್ಚಿಕೊಳ್ಳುತ್ತದೆ. ಮನೆಯವರು ಇದೆಲ್ಲವನ್ನೂ ‘ಸ್ಕಿನ್ ಅಲರ್ಜಿ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಚೆನ್ನೈಯಂಥ ಕರಾವಳಿ ನಗರದಲ್ಲಿ ಆ ಮಾತು ಅರ್ಧ ಮಾತ್ರ ನಿಜ. ಅಲರ್ಜಿಯಿರುವ ನಾಯಿಗಳು ಅಲ್ಲಿ ಧಾರಾಳವಾಗಿವೆ. ಅಲರ್ಜಿಯೆಂದು ಮಾತ್ರೆ ನುಂಗುತ್ತಾ ಮೈಮೇಲೆ ಚಿಗಟವನ್ನೋ ಯೀಸ್ಟನ್ನೋ ಹೊತ್ತು ತಿರುಗುವ ನಾಯಿಗಳೂ ಇವೆ. ಔಷಧಿಯ ಹೆಸರಿಗಿಂತ ಪರೀಕ್ಷೆಯ ಕ್ರಮ ಮುಖ್ಯ. ಮೊದಲು ಪರೋಪಜೀವಿ, ಅನಂತರ ಸೋಂಕು, ಆಮೇಲೆ ಆಹಾರ, ಇವೆಲ್ಲ ಕಳೆದ ಮೇಲೆ ಉಳಿಯುವುದು ಅಟೋಪಿ, ಅಂದರೆ ಧೂಳು, ಪರಾಗದಂಥ ಪರಿಸರದ ವಸ್ತುಗಳಿಗೆ ಬರುವ ಅಲರ್ಜಿ. ಈ ಕ್ರಮ ತಪ್ಪಿದಲ್ಲಿ ದುಬಾರಿ ಔಷಧಿಯೂ ಕೆಲಸ ಮಾಡುವುದಿಲ್ಲ.

ಊರಿನ ಹವೆ

ಚೆನ್ನೈಗೆ ಹೇಳಿಕೊಳ್ಳುವಂಥ ಚಳಿಗಾಲವಿಲ್ಲ. ಮೇ ತಿಂಗಳ ‘ಕತ್ತರಿ’ ಎಂಬ ಉರಿಬಿಸಿಲಿನಲ್ಲಿ ಉಷ್ಣತೆ 40 ಡಿಗ್ರಿ ಮುಟ್ಟುತ್ತದೆ. ಜನವರಿಯ ರಾತ್ರಿಗಳಲ್ಲೂ 20ರ ಆಸುಪಾಸಿನಲ್ಲೇ ನಿಲ್ಲುತ್ತದೆ. ವರ್ಷಕ್ಕೆ ಸುಮಾರು 1400 ಮಿಲಿಮೀಟರ್ ಮಳೆ. ಅದರಲ್ಲಿ ದೊಡ್ಡ ಪಾಲು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮಾರುತದ್ದು. ಮಳೆಯಿಲ್ಲದ ತಿಂಗಳುಗಳಲ್ಲೂ ಸಮುದ್ರದ ಗಾಳಿ ತೇವವನ್ನು ಇಳಿಯಗೊಡುವುದಿಲ್ಲ.

ನಾಯಿಯ ಚರ್ಮದ ಮಟ್ಟಿಗೆ ಇದರ ಪರಿಣಾಮ ದೊಡ್ಡದು. ಚಳಿ ಬೀಳುವ ದೇಶಗಳಲ್ಲಿ ಚಿಗಟ, ಉಣ್ಣಿಗಳ ಹಾವಳಿ ವರ್ಷದಲ್ಲಿ ಕೆಲವು ತಿಂಗಳಾದರೂ ತಗ್ಗುತ್ತದೆ. ಪರಾಗದ ಅಲರ್ಜಿಯೂ ಋತು ನೋಡಿ ಬರುತ್ತದೆ, ಋತು ಕಳೆದ ಮೇಲೆ ಹೋಗುತ್ತದೆ. ಚೆನ್ನೈಯಲ್ಲಿ ಚಿಗಟ, ಉಣ್ಣಿ, ಯೀಸ್ಟ್, ಧೂಳಿನ ನುಸಿ ನಾಲ್ಕಕ್ಕೂ ಹನ್ನೆರಡು ತಿಂಗಳ ದುಡಿಮೆ. ಹೀಗಾಗಿ ‘ಯಾವ ಕಾಲದಲ್ಲಿ ತುರಿಕೆ ಹೆಚ್ಚು?’ ಎಂಬ ಪಠ್ಯಪುಸ್ತಕದ ಪ್ರಶ್ನೆಗೆ ಅಲ್ಲಿಯ ಮನೆಯವರಿಂದ ಸಿಗುವ ಉತ್ತರ ‘ಯಾವಾಗಲೂ’. ಬೆಂಗಳೂರಿನಿಂದ ಚೆನ್ನೈಯ ಓಎಂಆರ್ (ಹಳೆಯ ಮಹಾಬಲಿಪುರಂ ರಸ್ತೆ) ಕಡೆಗೆ ಮನೆ ಬದಲಿಸುವ ಕುಟುಂಬಗಳು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಬೆಂಗಳೂರಿನ ತಂಪಿನಲ್ಲಿ ಆಗೀಗ ಕಿವಿ ಕೆರೆದುಕೊಳ್ಳುತ್ತಿದ್ದ ಲ್ಯಾಬ್ರಡಾರ್ ಚೆನ್ನೈಯ ಸೆಖೆಯಲ್ಲಿ ಮೈಯೆಲ್ಲ ಕೆರೆದುಕೊಳ್ಳಲು ತೊಡಗಿದರೆ ಅದು ಹೊಸ ರೋಗವೇ ಆಗಿರಬೇಕೆಂದಿಲ್ಲ. ಹಳೆಯದಕ್ಕೆ ಅನುಕೂಲವಾದ ಹವೆ ಸಿಕ್ಕಿರಬಹುದು.

ಚಿಗಟ, ಉಣ್ಣಿ, ಕಜ್ಜಿ

ಚಿಗಟದ ಎಂಜಲಿಗೆ ಅಲರ್ಜಿಯಿರುವ ನಾಯಿಗೆ ನೂರು ಚಿಗಟ ಬೇಕಿಲ್ಲ. ಒಂದೆರಡು ಕಚ್ಚಿದರೂ ದಿನಗಟ್ಟಲೆ ನವೆ ನಿಲ್ಲದು. ಬೆನ್ನಿನ ಹಿಂಭಾಗ, ಬಾಲದ ಬುಡ, ತೊಡೆಯ ಹಿಂಬದಿ, ಇಲ್ಲಿ ಕೂದಲು ಉದುರಿ ಚರ್ಮ ಕೆಂಪಾಗಿದ್ದರೆ ಅನುಮಾನ ಮೊದಲು ಚಿಗಟದ ಮೇಲೆ ಹೋಗಬೇಕು. ‘ನಮ್ಮ ನಾಯಿಯ ಮೇಲೆ ಒಂದೂ ಕಾಣುವುದಿಲ್ಲ’ ಎಂಬ ವಾದ ನಿಲ್ಲುವುದಿಲ್ಲ. ಕೆರೆದು, ನೆಕ್ಕಿ, ಕಚ್ಚಿ ನಾಯಿಯೇ ಅವನ್ನು ನುಂಗಿಬಿಡುತ್ತದೆ. ಪತ್ತೆ ಹಚ್ಚುವ ಸುಲಭ ವಿಧಾನವೊಂದಿದೆ. ನಾಯಿಯನ್ನು ಬಿಳಿ ಕಾಗದದ ಮೇಲೆ ನಿಲ್ಲಿಸಿ ಬಾಲದ ಬುಡದ ತುಪ್ಪಳವನ್ನು ಹೇನಿನ ಹಣಿಗೆಯಿಂದ ಬಾಚಬೇಕು. ಉದುರಿದ ಕಪ್ಪು ಪುಡಿಯ ಮೇಲೆ ಎರಡು ಹನಿ ನೀರು ಬಿಟ್ಟರೆ, ಬರಿಯ ಮಣ್ಣು ಕರಗಿ ಬೂದಿಬಣ್ಣವಾಗುತ್ತದೆ. ಚಿಗಟದ ಹಿಕ್ಕೆಯಾದರೆ ಕಾಗದದ ಮೇಲೆ ಕಂದುಗೆಂಪು ಹರಡುತ್ತದೆ. ಅದು ನಾಯಿಯದೇ ರಕ್ತ, ಚಿಗಟದ ಹೊಟ್ಟೆಯಲ್ಲಿ ಅರಗಿ ಹೊರಬಿದ್ದದ್ದು.

ಹೆಣ್ಣು ಚಿಗಟ ದಿನಕ್ಕೆ 40–50 ಮೊಟ್ಟೆ ಇಡುತ್ತದೆ. ಮೊಟ್ಟೆಗಳು ನಾಯಿಯ ಮೈಮೇಲೆ ನಿಲ್ಲದೆ ಅದು ಮಲಗುವ ಚಾಪೆ, ಸೋಫಾದ ಸಂದು, ಕಾರಿನ ಸೀಟುಗಳಲ್ಲಿ ಉದುರುತ್ತವೆ. ಅವುಗಳಿಂದ ಬೆಳೆದ ಮರಿಗಳು ಕೋಶಾವಸ್ಥೆಯಲ್ಲಿ ತಿಂಗಳುಗಳ ಕಾಲ ಸುಮ್ಮನಿದ್ದು, ಯಾರಾದರೂ ಹತ್ತಿರ ಓಡಾಡಿದ ಕಂಪನಕ್ಕೆ ಚಿಗಟಗಳಾಗಿ ಹೊರಬರುತ್ತವೆ. ಮುಚ್ಚಿಟ್ಟ ಫ್ಲಾಟಿಗೆ ರಜೆ ಮುಗಿಸಿ ಬಂದವರ ಕಾಲಿಗೆ ಹಿಂಡು ಹಿಂಡಾಗಿ ಚಿಗಟ ಹತ್ತುವುದು ಈ ಕಾರಣಕ್ಕೆ.

ಉಣ್ಣಿಯ ವಿಷಯ ಇನ್ನೂ ಗಂಭೀರ. ಚೆನ್ನೈಯ ಮನೆಗಳಲ್ಲಿ ಕಾಣುವುದು ಕಂದು ನಾಯಿ ಉಣ್ಣಿ. ಇದಕ್ಕೆ ಮಲೆನಾಡಿನ ಉಣುಗಿನ ಹಾಗೆ ಕಾಡು, ಹುಲ್ಲು ಬೇಕಿಲ್ಲ. ಗೋಡೆಯ ಬಿರುಕು, ಬಾಗಿಲಿನ ಚೌಕಟ್ಟು, ಪರದೆಯ ಮಡಿಕೆಗಳಲ್ಲೇ ಬದುಕಿನ ಎಲ್ಲ ಹಂತಗಳನ್ನೂ ಮುಗಿಸಬಲ್ಲದು. ರಕ್ತ ಕುಡಿದು ಊದಿಕೊಂಡ ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ಇಲ್ಲಿ ತುರಿಕೆ ಸಣ್ಣ ಮಾತು. ಅರ್ಲಿಕಿಯಾ, ಬಬೀಸಿಯಾ ಎಂಬ ರಕ್ತರೋಗಗಳನ್ನು ಹರಡುವುದು ಇದೇ ಉಣ್ಣಿ. ನಾಯಿ ಸಾಕಿದವರು ‘ಟಿಕ್ ಫೀವರ್’ ಎನ್ನುವ ಈ ಜ್ವರಕ್ಕೆ ಚಿಕಿತ್ಸೆ ತಡವಾದರೆ ನಾಯಿ ಉಳಿಯುವುದು ಕಷ್ಟ.

ಕಜ್ಜಿಯಲ್ಲಿ ಎರಡು ಬಗೆ. ಸಾರ್ಕಾಪ್ಟಿಸ್ ಎಂಬ ಹುಳು ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆಯುತ್ತದೆ. ಇದರ ನವೆ ಎಷ್ಟು ತೀವ್ರವೆಂದರೆ, ಕಿವಿಯಂಚನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಉಜ್ಜಿದರೆ ಸಾಕು, ನಾಯಿಯ ಹಿಂಗಾಲು ತಾನಾಗಿ ಗಾಳಿಯಲ್ಲಿ ಕೆರೆಯತೊಡಗುತ್ತದೆ. ವೈದ್ಯರು ಮೇಜಿನ ಮೇಲೆಯೇ ಮಾಡಿ ನೋಡುವ ಪರೀಕ್ಷೆಯಿದು. ಕಿವಿಯಂಚು, ಮೊಣಕೈ, ಹೊಟ್ಟೆಗಳಲ್ಲಿ ಹಕ್ಕಳೆ ಕಟ್ಟುತ್ತದೆ. ಮನೆಯವರ ಮುಂಗೈ, ಹೊಟ್ಟೆಗಳ ಮೇಲೂ ಕೆಂಪು ಗುಳ್ಳೆ ಎದ್ದಿದ್ದರೆ ರೋಗನಿರ್ಣಯ ಮುಕ್ಕಾಲು ಮುಗಿದಂತೆ. ಇನ್ನೊಂದು ಬಗೆ ಡೆಮೊಡೆಕ್ಸ್. ಆ ಹುಳು ಎಲ್ಲ ನಾಯಿಗಳ ರೋಮಕೂಪಗಳಲ್ಲೂ ಅಲ್ಪಸಂಖ್ಯೆಯಲ್ಲಿ ಇರುತ್ತದೆ, ದೇಹದ ರೋಗನಿರೋಧಕ ಶಕ್ತಿ ಕುಂದಿದಾಗ ಮಿತಿಮೀರುತ್ತದೆ. ಮರಿಗಳಲ್ಲಿ ಹೆಚ್ಚು, ಇನ್ನೊಂದು ನಾಯಿಗಾಗಲಿ ಮನುಷ್ಯರಿಗಾಗಲಿ ಅಂಟುವುದಿಲ್ಲ. ಎರಡನ್ನೂ ಬೇರ್ಪಡಿಸಲು ಚರ್ಮವನ್ನು ಬ್ಲೇಡಿನಿಂದ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಐದು ನಿಮಿಷದ ಈ ಕೆಲಸ ಮಾಡದೆ ಸ್ಟೀರಾಯ್ಡ್ ಚುಚ್ಚಿದರೆ ಡೆಮೊಡೆಕ್ಸ್ ಕಾಡುಕಿಚ್ಚಿನ ಹಾಗೆ ಹರಡುತ್ತದೆ.

2013ರಿಂದೀಚೆಗೆ ಬಂದ ಐಸಾಕ್ಸಜೋಲಿನ್ ವರ್ಗದ ಮಾತ್ರೆಗಳು ಈ ಕ್ಷೇತ್ರದ ಚಿತ್ರವನ್ನೇ ಬದಲಿಸಿವೆ. ಅಫಾಕ್ಸೊಲೇನರ್ (ನೆಕ್ಸ್‌ಗಾರ್ಡ್) ಒಂದು ತಿಂಗಳು, ಸರೋಲೇನರ್ (ಸಿಂಪಾರಿಕಾ) ಐದು ವಾರ, ಫ್ಲೂರಲೇನರ್ (ಬ್ರವೆಕ್ಟೊ) ಸುಮಾರು ಮೂರು ತಿಂಗಳು ಚಿಗಟ, ಉಣ್ಣಿಗಳನ್ನು ಕೊಲ್ಲುತ್ತವೆ. ಎರಡೂ ಬಗೆಯ ಕಜ್ಜಿಗೂ ಪರಿಣಾಮಕಾರಿ. ಅಪಸ್ಮಾರವಿರುವ ನಾಯಿಗಳಿಗೆ ಎಚ್ಚರದಿಂದ ಕೊಡಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ಸೂಚನೆ ಹೊರಡಿಸಿತು. ಇವುಗಳಿಗೂ ಮುಂಚೆ ಕಜ್ಜಿಗೆ ಅಮಿಟ್ರಾಜ್ ಸ್ನಾನ, ಐವರ್‌ಮೆಕ್ಟಿನ್ ಚುಚ್ಚುಮದ್ದುಗಳೇ ಗತಿಯಾಗಿದ್ದವು. ಐವರ್‌ಮೆಕ್ಟಿನ್ ಈಗಲೂ ಅಗ್ಗ, ಆದ್ದರಿಂದ ಬೀದಿನಾಯಿಗಳ ಆರೈಕೆಯಲ್ಲಿ ಬಳಕೆಯಲ್ಲಿದೆ. ಕೋಲಿ ಮೊದಲಾದ ತಳಿಗಳಲ್ಲಿ ಎಂಡಿಆರ್1 ಜೀನಿನ ದೋಷವಿದ್ದರೆ ಈ ಔಷಧಿ ಮಿದುಳಿಗೇರಿ ಪ್ರಾಣ ತೆಗೆಯಬಲ್ಲದು.

ಫ್ಲಾಟಿನ ಎಲ್ಲ ಪ್ರಾಣಿಗಳಿಗೂ ಒಟ್ಟಿಗೆ ಔಷಧಿ ಆಗಬೇಕು. ನಾಯಿಗೆ ಹಾಕುವ ಪರ್ಮೆತ್ರಿನ್ ಹನಿಗಳು ಬೆಕ್ಕಿಗೆ ವಿಷ. ಎರಡನ್ನೂ ಸಾಕಿರುವವರು ಇದನ್ನು ಮರೆಯಬಾರದು.

ಯೀಸ್ಟ್ ಮತ್ತು ಬ್ಯಾಕ್ಟೀರಿಯಾ

ಚೆನ್ನೈಯ ತೇವಕ್ಕೆ ಹೇಳಿ ಮಾಡಿಸಿದ ಜೀವಿ ಮಲಸೇಜಿಯಾ ಎಂಬ ಯೀಸ್ಟ್. ಆರೋಗ್ಯವಂತ ನಾಯಿಯ ಚರ್ಮದ ಮೇಲೂ ಸ್ವಲ್ಪ ಇರುತ್ತದೆ. ಕಂಕುಳು, ಕತ್ತಿನ ಕೆಳಭಾಗ, ಬೆರಳ ಸಂದು, ಕಿವಿಯೊಳಗೆ ಬೆವರಿನಂಥ ಜಿಡ್ಡು ನಿಂತಲ್ಲಿ ಹೆಚ್ಚುತ್ತದೆ. ಜಿಡ್ಡಿನ ಕಮಟು ವಾಸನೆ ಇದರ ಗುರುತು. ಅನುಭವಿ ವೈದ್ಯರು ನಾಯಿ ಬಾಗಿಲು ದಾಟುವಾಗಲೇ ಊಹಿಸುತ್ತಾರೆ. ಹಳೆಯ ಪ್ರಕರಣಗಳಲ್ಲಿ ಚರ್ಮ ದಪ್ಪಗಟ್ಟಿ, ಕಪ್ಪಾಗಿ, ಸುಕ್ಕುಬೀಳುತ್ತದೆ. ಖಚಿತಪಡಿಸಲು ಬೇಕಾದದ್ದು ಒಂದು ತುಂಡು ಸೆಲ್ಲೋಟೇಪ್. ಅದನ್ನು ಚರ್ಮಕ್ಕೆ ಒತ್ತಿ ಕಿತ್ತು, ನೀಲಿ ಬಣ್ಣ ಹಾಕಿ, ಗಾಜಿನ ಸ್ಲೈಡಿನ ಮೇಲೆ ಅಂಟಿಸಿ ನೋಡಿದರೆ ಕಡಲೆಕಾಯಿ ಆಕಾರದ, ನಡುವೆ ಸಣಕಲಾದ ನೇರಳೆ ಕಣಗಳು ಕಾಣುತ್ತವೆ.

ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದದ್ದು ಸ್ಟೆಫೈಲೊಕಾಕಸ್ ಸೂಡಿಂಟರ್‌ಮೀಡಿಯಸ್. ಹೊಟ್ಟೆಯ ಮೇಲೆ ಕೀವುಗುಳ್ಳೆ, ಅಂಚು ಸುಲಿದ ದುಂಡನೆಯ ಮಚ್ಚೆಗಳು ಇದರ ಕೆಲಸ. ಎಷ್ಟೋ ಮನೆಗಳಲ್ಲಿ ಇದನ್ನು ಗಜಕರ್ಣವೆಂದು ತಿಳಿದು ತಿಂಗಳುಗಟ್ಟಲೆ ಶಿಲೀಂಧ್ರನಾಶಕ ಹಚ್ಚುವುದುಂಟು. ಅರೆಬರೆ ಆ್ಯಂಟಿಬಯಾಟಿಕ್ ಕೋರ್ಸುಗಳಿಂದ ಈ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದ ರೂಪ ತಾಳುತ್ತಿರುವುದು ಜಗತ್ತಿನೆಲ್ಲೆಡೆಯ ಚಿಂತೆ. ಆದ್ದರಿಂದ ಈಗಿನ ಒಲವು ಹೊಟ್ಟೆಗೆ ಮಾತ್ರೆ ಕೊಡುವುದಕ್ಕಿಂತ ಮೈಗೆ ಶಾಂಪೂ ಹಚ್ಚುವ ಕಡೆಗಿದೆ. ಶೇಕಡಾ 2ರಿಂದ 4ರಷ್ಟು ಕ್ಲೋರ್‌ಹೆಕ್ಸಿಡಿನ್ ಇರುವ, ಯೀಸ್ಟ್ ಇದ್ದರೆ ಜತೆಗೆ ಮೈಕೊನಜೋಲ್ ಸೇರಿದ ಶಾಂಪೂವನ್ನು ವಾರಕ್ಕೆ ಎರಡು ಸಲ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಆ ಹತ್ತು ನಿಮಿಷದಲ್ಲೇ ಗುಟ್ಟಿರುವುದು. ಹಚ್ಚಿದ ತಕ್ಷಣ ತೊಳೆದು ‘ಶಾಂಪೂ ಪ್ರಯೋಜನವಿಲ್ಲ’ ಎನ್ನುವವರೇ ಹೆಚ್ಚು. ಕೊನೆಗೆ ಬೆರಳ ಸಂದುಗಳನ್ನು ಪೂರ್ತಿ ಒಣಗಿಸಬೇಕು. ಬೆಸಂಟ್ ನಗರದ ಕಡಲತೀರದಲ್ಲಿ ಓಡಾಡಿ ಬಂದ ನಾಯಿಯ ಪಾದದ ಉಪ್ಪು, ಮರಳುಗಳಿಗೂ ನವೆಂಬರ್ ಮಳೆಯ ಕೊಳಚೆ ನೀರಿಗೂ ಇದೇ ನಿಯಮ. ತೊಳೆದು ಒರೆಸದೆ ಬಿಟ್ಟ ಪಾದ ಯೀಸ್ಟಿಗೆ ಒಳ್ಳೆಯ ಮನೆ.

ಕಿವಿಸೋರುವಿಕೆಯೂ ಬಹುಪಾಲು ಇದೇ ಕಥೆಯ ಭಾಗ. ವರ್ಷಕ್ಕೆ ಮೂರು ನಾಲ್ಕು ಸಲ ಕಿವಿ ಸೋರುವ ನಾಯಿಗೆ ರೋಗವಿರುವುದು ಕಿವಿಯಲ್ಲಲ್ಲ, ಚರ್ಮದಲ್ಲಿ. ಕಿವಿತಮಟೆ ಹರಿದಿಲ್ಲವೆಂದು ನೋಡಿಕೊಳ್ಳದೆ ಹಳೆಯ ಸೀಸೆಯ ಹನಿ ಬಿಟ್ಟರೆ ಕೆಲವು ಆ್ಯಂಟಿಬಯಾಟಿಕ್‌ಗಳಿಂದ ಕಿವುಡು ಬರಬಹುದು.

ಆಹಾರದ ಅಲರ್ಜಿ

ಪರೋಪಜೀವಿ, ಸೋಂಕುಗಳನ್ನು ಕಳೆದ ಮೇಲೂ ತುರಿಕೆ ಉಳಿದರೆ ಸರದಿ ಆಹಾರದ್ದು. ಚೆನ್ನೈಯ ಸಾಕುನಾಯಿಯ ತಟ್ಟೆಯಲ್ಲಿ ಸಾಮಾನ್ಯವಾಗಿ ಏನಿರುತ್ತದೆ? ಮಧ್ಯಾಹ್ನ ಮೊಸರನ್ನ, ರಾತ್ರಿ ಕೋಳಿ ಬೇಯಿಸಿದ ನೀರಲ್ಲಿ ಕಲಸಿದ ಅನ್ನ, ನಡುವೆ ಹಾಲು, ಮೊಟ್ಟೆ, ಚಹಾದ ಜತೆಯ ಬಿಸ್ಕತ್ತು, ಮೇಲೊಂದು ಹಿಡಿ ಡಬ್ಬದ ಆಹಾರ. 2016ರಲ್ಲಿ ಪ್ರಕಟವಾದ ಪರಾಮರ್ಶೆಯೊಂದರ ಪ್ರಕಾರ ನಾಯಿಗಳಲ್ಲಿ ಆಹಾರದ ಅಲರ್ಜಿಗೆ ಕಾರಣವಾಗುವವುಗಳಲ್ಲಿ ದನದ ಮಾಂಸ, ಹಾಲಿನ ಉತ್ಪನ್ನ, ಕೋಳಿ, ಗೋಧಿ ಮುಂಚೂಣಿಯಲ್ಲಿವೆ. ಅಂದರೆ ಈ ತಟ್ಟೆಯ ಮೇಲಿನ ಹಾಲು, ಕೋಳಿ, ಗೋಧಿ ಮೂರೂ ಆರೋಪಿಗಳೇ. ಅಕ್ಕಿಯ ಮೇಲೆ ಅನುಮಾನ ಕಡಿಮೆ.

ರಕ್ತ, ಎಂಜಲು, ಕೂದಲು ಕಳಿಸಿ ಆಹಾರದ ಅಲರ್ಜಿ ತಿಳಿಯುವ ಪರೀಕ್ಷೆಗಳನ್ನು ಮಾರುವವರಿದ್ದಾರೆ. ಅವು ನಂಬಲರ್ಹವಲ್ಲ. ನಂಬಬಹುದಾದದ್ದು ಪಥ್ಯ ಒಂದೇ: ನಾಯಿ ಈವರೆಗೆ ತಿಂದಿರದ ಒಂದೇ ಪ್ರೋಟೀನು, ಒಂದೇ ಪಿಷ್ಟ, ಎಂಟು ವಾರ. ಇಲ್ಲವೇ ಪ್ರೋಟೀನನ್ನು ಸಣ್ಣ ತುಣುಕುಗಳಾಗಿ ಒಡೆದು ತಯಾರಿಸಿದ ಜಲವಿಭಜಿತ ಆಹಾರ. ಇದು ಸಿಗುತ್ತದೆ, ಬೆಲೆ ಹೆಚ್ಚು. ಕೋಳಿ ತಿಂದು ಬೆಳೆದ ನಾಯಿಗೆ ಮೀನು ಹೊಸದಾಗಿದ್ದರೆ ಮೀನು ಮತ್ತು ಅನ್ನ ಸಾಲುತ್ತದೆ. ಕಾಸಿಮೇಡಿನ ಮೀನುಗಾರಿಕೆ ಬಂದರಿರುವ ಊರಲ್ಲಿ ಮೀನಿಗೆ ಬರವಿಲ್ಲ. ಸಸ್ಯಾಹಾರಿ ಮನೆಯ, ಮೊಸರನ್ನವೇ ಮುಖ್ಯವಾದ ನಾಯಿಗೆ ಮೊಸರು ಬಿಡಿಸುವುದೇ ಮೊದಲ ಹೆಜ್ಜೆ. ಎಂಟು ವಾರದಲ್ಲಿ ತುರಿಕೆ ಇಳಿದರೆ ಹಳೆಯ ಆಹಾರ ಮತ್ತೆ ಕೊಟ್ಟು ನೋಡಬೇಕು. ಎರಡು ವಾರದೊಳಗೆ ತುರಿಕೆ ಮರಳಿದರೆ ಮಾತ್ರ ರೋಗನಿರ್ಣಯ ಪೂರ್ಣ.

ಪಥ್ಯ ಕೆಡುವುದು ತಟ್ಟೆಯಲ್ಲಲ್ಲ, ತಟ್ಟೆಯ ಹೊರಗೆ. ಅಜ್ಜಿ ಕದ್ದು ಕೊಡುವ ಬಿಸ್ಕತ್ತು, ಮಗು ಊಟದ ಮೇಜಿನಿಂದ ಬೀಳಿಸುವ ತುತ್ತು, ಕಾವಲುಗಾರ ಪ್ರೀತಿಯಿಂದ ಹಾಕುವ ಬನ್ನು, ಕೋಳಿಯ ರುಚಿ ಬೆರೆಸಿದ ಜಂತುಹುಳದ ಮಾತ್ರೆ, ಇವುಗಳಲ್ಲಿ ಒಂದು ಸಾಕು. ಮನೆಮಂದಿಯೆಲ್ಲ ಒಪ್ಪದೆ ಪಥ್ಯ ಶುರುಮಾಡುವುದು ದಂಡ.

ಅಟೋಪಿ

ಅಲರ್ಜಿ ಎಂಬ ಪರಿಕಲ್ಪನೆಯನ್ನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ಮುಂದಿಟ್ಟ. ನಾಯಿಗೂ ಮನುಷ್ಯರಂತೆ ಪರಾಗದ ಅಲರ್ಜಿ ಬರುತ್ತದೆಂದು ಅಮೆರಿಕದ ವೈದ್ಯ ವಿಟಿಚ್ ವರದಿ ಮಾಡಿದ್ದು 1941ರಲ್ಲಿ. ಆದರೆ ನಾಯಿ ಮನುಷ್ಯರ ಹಾಗೆ ಸೀನುವುದಕ್ಕಿಂತ ಹೆಚ್ಚಾಗಿ ಕೆರೆದುಕೊಳ್ಳುತ್ತದೆ. ಹುಟ್ಟಿನಿಂದ ಬಂದ ಒಲವು, ಸೋರುವ ಚರ್ಮದ ಪದರ, ಪರಿಸರದ ಅಲರ್ಜಿಕಾರಕ ಮೂರೂ ಸೇರಿದಾಗ ಅಟೋಪಿ ತಲೆದೋರುತ್ತದೆ. ಸಾಮಾನ್ಯವಾಗಿ ಮೂರು ವರ್ಷದೊಳಗೆ ಶುರು. ಮುಂಗಾಲಿನ ಪಾದ, ಕಿವಿಯ ಒಳಭಾಗ, ಕಣ್ಣು ಬಾಯಿಗಳ ಸುತ್ತ, ಕಂಕುಳು, ಹೊಟ್ಟೆ ಇದರ ಜಾಗಗಳು. ಬೆನ್ನಿನ ಹಿಂಭಾಗವನ್ನೂ ಕಿವಿಯಂಚನ್ನೂ ಬಿಟ್ಟಿರುತ್ತದೆ. ಚಿಗಟದ ಅಲರ್ಜಿಗೂ ಕಜ್ಜಿಗೂ ಇದಕ್ಕೂ ಇರುವ ವ್ಯತ್ಯಾಸ ಅಲ್ಲಿದೆ. ಈ ಗುರುತುಗಳನ್ನು ಫಾವ್ರೊ ಎಂಬ ಚರ್ಮವೈದ್ಯರು 2010ರಲ್ಲಿ ಎಂಟು ಅಂಶಗಳ ಪಟ್ಟಿಯಾಗಿ ಕ್ರೋಡೀಕರಿಸಿದರು. ಬಿಳಿ ನಾಯಿಗಳಲ್ಲಿ ಇನ್ನೊಂದು ಗುರುತು ಸುಲಭವಾಗಿ ಕಾಣುತ್ತದೆ: ನೆಕ್ಕಿ ನೆಕ್ಕಿ ಪಾದದ ಕೂದಲು ಎಂಜಲಿನಿಂದ ತುಕ್ಕುಬಣ್ಣಕ್ಕೆ ತಿರುಗಿರುತ್ತದೆ.

ಚೆನ್ನೈಯಲ್ಲಿ ಮುಖ್ಯ ಶಂಕಿತ ಮನೆಧೂಳಿನ ನುಸಿ. ಹಾಸಿಗೆ, ಪರದೆ, ದಿಂಬುಗಳಲ್ಲಿ ಚರ್ಮದ ಹೊಟ್ಟು ತಿಂದು ಬದುಕುವ ಇದಕ್ಕೆ ಬೇಕಾದದ್ದು ತೇವ. ಏಸಿ ಕೋಣೆ ತೇವವನ್ನು ಸ್ವಲ್ಪ ಇಳಿಸುತ್ತದಾದರೂ ಅದೇ ಕೋಣೆಯ ಹಾಸಿಗೆಯ ಮೇಲೆ ದಿನದ ಬಹುಪಾಲು ಮಲಗುವ ನಾಯಿಗೆ ಲಾಭ ಅಷ್ಟಕ್ಕಷ್ಟೆ. ನಗರದ ಖಾಲಿ ನಿವೇಶನಗಳ ಕಾಂಗ್ರೆಸ್ ಗಿಡ, ಹೊರವಲಯದ ಬಳ್ಳಾರಿ ಜಾಲಿ, ಜಿರಳೆ, ಬೂಷ್ಟುಗಳೂ ಪಟ್ಟಿಯಲ್ಲಿವೆ.

ಅಟೋಪಿ ಗುಣವಾಗುವುದಿಲ್ಲ, ಹತೋಟಿಯಲ್ಲಿರುತ್ತದೆ. ಇದನ್ನು ಮೊದಲ ದಿನವೇ ಹೇಳುವ ವೈದ್ಯರು ಒಳ್ಳೆಯ ವೈದ್ಯರು. ಅಗ್ಗದ, ವೇಗದ ಉಪಾಯ ಪ್ರೆಡ್ನಿಸೊಲೋನ್. ಕೆಲವು ದಿನಗಳ ಮಟ್ಟಿಗೆ ಅದಕ್ಕೆ ಸಾಟಿಯಿಲ್ಲ. ಆದರೆ ನಾಯಿ ವಿಪರೀತ ನೀರು ಕುಡಿಯುತ್ತದೆ, ಉಚ್ಚೆ ಹೊಯ್ಯುತ್ತದೆ, ಹಸಿದು ತಿನ್ನುತ್ತದೆ. ತಿಂಗಳುಗಟ್ಟಲೆ ಕೊಟ್ಟರೆ ಹೊಟ್ಟೆ ಜೋಲುತ್ತದೆ, ಚರ್ಮ ತೆಳುವಾಗುತ್ತದೆ, ಸೋಂಕು ಕೂರುತ್ತದೆ. ದೀರ್ಘಾವಧಿ ಸ್ಟೀರಾಯ್ಡ್ ಚುಚ್ಚುಮದ್ದನ್ನು ತಿಂಗಳಿಗೊಮ್ಮೆ ಹಾಕಿಸಿ ‘ನಮ್ಮ ನಾಯಿಗೆ ಇಂಜೆಕ್ಷನ್ ಒಗ್ಗಿದೆ’ ಎನ್ನುವ ರೂಢಿ ಎಲ್ಲಕ್ಕಿಂತ ಕೆಟ್ಟದ್ದು. 2013ರಲ್ಲಿ ಬಂದ ಒಕ್ಲಾಸಿಟಿನಿಬ್ (ಅಪೋಕ್ವೆಲ್) ನವೆಯ ಸಂದೇಶ ಒಯ್ಯುವ ಜ್ಯಾಕ್ (JAK) ಕಿಣ್ವಗಳನ್ನು ತಡೆದು ಒಂದು ದಿನದೊಳಗೆ ತುರಿಕೆ ಇಳಿಸುತ್ತದೆ. ಒಂದು ವರ್ಷ ತುಂಬದ ಮರಿಗೂ ಗಂಭೀರ ಸೋಂಕಿರುವ ನಾಯಿಗೂ ಕೊಡುವಂತಿಲ್ಲ. ಸೈಕ್ಲೊಸ್ಪೋರಿನ್ ಫಲ ಕೊಡಲು ನಾಲ್ಕರಿಂದ ಆರು ವಾರ ಬೇಕು. ನವೆಯ ಪ್ರೋಟೀನಾದ ಇಂಟರ್‌ಲ್ಯೂಕಿನ್-31ನ್ನೇ ಹಿಡಿದು ನಿಲ್ಲಿಸುವ ಪ್ರತಿಕಾಯ ಲೋಕಿವೆಟ್‌ಮ್ಯಾಬ್. ತಿಂಗಳಿಗೊಂದು ಚುಚ್ಚುಮದ್ದಾಗಿ ಬಳಕೆಯಲ್ಲಿದೆ. ಮೂಲಕ್ಕೇ ಕೈಹಾಕುವ ವಿಧಾನವೆಂದರೆ ಅಲರ್ಜಿಕಾರಕವನ್ನು ಸೂಕ್ಷ್ಮ ಪ್ರಮಾಣದಲ್ಲಿ ಚುಚ್ಚುತ್ತಾ ದೇಹವನ್ನು ಒಗ್ಗಿಸುವುದು. ಫಲ ತಿಳಿಯಲು ಒಂದು ವರ್ಷದ ತಾಳ್ಮೆ ಬೇಕು, ಎಲ್ಲ ನಾಯಿಗಳಿಗೂ ಫಲಿಸುವುದಿಲ್ಲ. ಸೆಟಿರಿಜಿನ್‌ನಂಥ ಮಾತ್ರೆಗಳು ಮನುಷ್ಯರಲ್ಲಿ ಮಾಡುವ ಕೆಲಸವನ್ನು ನಾಯಿಗಳಲ್ಲಿ ಮಾಡುವುದಿಲ್ಲ. ಮೀನೆಣ್ಣೆ ನಿಧಾನದ ಸಹಾಯಕ, ಅಷ್ಟೆ.

ಮನೆಮದ್ದು

ಬೇವಿನೆಲೆ ಕುದಿಸಿದ ನೀರು, ಅರಿಸಿನ, ಕೊಬ್ಬರಿ ಎಣ್ಣೆ ಚೆನ್ನೈಯಲ್ಲೂ ಕರ್ನಾಟಕದಲ್ಲೂ ಒಂದೇ. ಬೇವಿನ ನೀರಿನಿಂದ ತೊಂದರೆಯಿಲ್ಲ. ತಂಪಾಗುತ್ತದೆ, ಅಲರ್ಜಿ ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಒಣ ಚರ್ಮಕ್ಕೆ ಹಿತ. ಯೀಸ್ಟ್ ತುಂಬಿದ ಜಿಡ್ಡು ಚರ್ಮಕ್ಕೆ ಹಚ್ಚಿದರೆ ಕೊಳೆ ಇನ್ನಷ್ಟು. ಗಂಧಕಕ್ಕೆ ಮಾತ್ರ ಕಜ್ಜಿಯ ಮೇಲೆ ನಿಜವಾದ ಗುಣವಿದೆ, ವೈದ್ಯಶಾಸ್ತ್ರವೂ ಸುಣ್ಣಗಂಧಕದ ದ್ರಾವಣವನ್ನು ಬಳಸಿದೆ. ಕಜ್ಜಿ ಹತ್ತಿದ ಬೀದಿನಾಯಿಗೆ ಗ್ಯಾರೇಜಿನ ಸುಟ್ಟ ಎಂಜಿನ್ ಆಯಿಲ್, ಸೀಮೆಎಣ್ಣೆ ಸುರಿಯುವುದು ಕರುಣೆಯಿಂದ ಮಾಡುವ ಕ್ರೌರ್ಯ. ಚರ್ಮ ಸುಡುತ್ತದೆ, ನೆಕ್ಕಿದ್ದು ಲಿವರಿಗೂ ಮೂತ್ರಪಿಂಡಕ್ಕೂ ಹೋಗುತ್ತದೆ. ಮನುಷ್ಯರಿಗೆಂದು ಮೆಡಿಕಲ್ ಶಾಪಿನಲ್ಲಿ ಸಿಗುವ, ಸ್ಟೀರಾಯ್ಡ್, ಆ್ಯಂಟಿಬಯಾಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಮುಲಾಮುಗಳದ್ದೂ ಬೇರೊಂದು ಪೀಡೆ. ನಾಯಿ ಅದನ್ನು ನೆಕ್ಕಿ ನುಂಗುತ್ತದೆ.

ಸಂಸ್ಥೆಗಳು

ನಗರದ ಪಶುವೈದ್ಯಕ್ಕೆ ಆಧಾರಸ್ತಂಭ ವೇಪೇರಿಯ ಮದ್ರಾಸ್ ಪಶುವೈದ್ಯ ಕಾಲೇಜು. 1903ರಲ್ಲಿ ಸೈದಾಪೇಟೆಯ ಡಾಬಿನ್ ಹಾಲ್‌ನಲ್ಲಿ ಆರಂಭವಾಗಿ 1905ರಲ್ಲಿ ವೇಪೇರಿಗೆ ಬಂತು. 1935ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಸೇರಿ, ದೇಶದಲ್ಲಿ ವಿಶ್ವವಿದ್ಯಾನಿಲಯದ ಮಾನ್ಯತೆ ಪಡೆದ ಮೊದಲ ಪಶುವೈದ್ಯ ಕಾಲೇಜಾಯಿತು. 1989ರಿಂದ ತಮಿಳುನಾಡು ಪಶುವೈದ್ಯ ಮತ್ತು ಪಶುವಿಜ್ಞಾನ ವಿಶ್ವವಿದ್ಯಾನಿಲಯದ ಅಂಗ. ಕನ್ನಡಿಗರಿಗೂ ಈ ಕಾಲೇಜು ಪರಕೀಯವಲ್ಲ. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದವು. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ತೆರೆದದ್ದು 1958ರಲ್ಲಿ. ವೇಪೇರಿಯ ಬೋಧನಾ ಆಸ್ಪತ್ರೆಯಲ್ಲಿ ಚರ್ಮ ಕೆರೆದು ನೋಡುವುದು, ಸೆಲ್ಲೋಟೇಪ್ ಪರೀಕ್ಷೆ, ಕಲ್ಚರ್ ಇವೆಲ್ಲ ಖಾಸಗಿ ಕ್ಲಿನಿಕ್‌ಗಳಿಗಿಂತ ಕಡಿಮೆ ಖರ್ಚಿನಲ್ಲಿ ಆಗುತ್ತವೆ. ಕಾಯಬೇಕು, ಅಷ್ಟೇ.

ಬೀದಿನಾಯಿಗಳ ಕಡೆ ಹಳೆಯ ಹೆಸರು ಬ್ಲೂ ಕ್ರಾಸ್ ಆಫ್ ಇಂಡಿಯಾ. ಕ್ಯಾಪ್ಟನ್ ವಿ. ಸುಂದರಂ 1959ರಲ್ಲಿ ಕಟ್ಟಿದ ಈ ಸಂಸ್ಥೆ 1964ರಿಂದ ಬೀದಿನಾಯಿಗಳ ಸಂತಾನಹರಣ ಕಾರ್ಯಕ್ರಮ ನಡೆಸಿದೆ. ಕಜ್ಜಿ ಹತ್ತಿದ ನಾಯಿಗಳು ಅಲ್ಲಿಗೆ ಬರುತ್ತಲೇ ಇರುತ್ತವೆ. ಬೀದಿಯ ಕಜ್ಜಿಗೂ ಫ್ಲಾಟಿನ ನಾಯಿಗೂ ಸಂಬಂಧವಿಲ್ಲವೆಂದು ತಿಳಿಯುವುದು ತಪ್ಪು. ಸಂಜೆಯ ವಾಕಿಂಗ್‌ನಲ್ಲಿ ಮೂತಿಗೆ ಮೂತಿ ತಾಗಿದರೆ ಸಾಕು.

ತಳಿ

ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ಪಗ್, ಶಿಟ್ಸು, ಬಾಕ್ಸರ್, ಫ್ರೆಂಚ್ ಬುಲ್‌ಡಾಗ್‌ಗಳಲ್ಲಿ ಅಟೋಪಿ ಹೆಚ್ಚು. ಚೆನ್ನೈಯ ಫ್ಲಾಟುಗಳಲ್ಲಿ ಜನಪ್ರಿಯವಾಗಿರುವ ತಳಿಗಳೂ ಬಹುಪಾಲು ಇವೇ. ಸೈಬೀರಿಯನ್ ಹಸ್ಕಿಯಂಥ ಎರಡು ಪದರದ ತುಪ್ಪಳದ ನಾಯಿಯನ್ನು ಈ ಸೆಖೆಗೆ ತರುವುದು ಅವಿವೇಕ. ತಂದ ಮೇಲೆ ಬೋಳಿಸುವುದು ಎರಡನೆಯ ಅವಿವೇಕ. ತಮಿಳುನಾಡಿನ ಚಿಪ್ಪಿಪಾರೈ, ಕನ್ನಿ, ಕೊಂಬೈ, ನಮ್ಮ ಮುಧೋಳ ನಾಯಿಗಳ ತೆಳುತುಪ್ಪಳ ಈ ಹವೆಗೆ ಒಗ್ಗುತ್ತದೆ, ಜಿಡ್ಡು ತೇವ ನಿಲ್ಲುವುದು ಕಡಿಮೆ. ಹಾಗೆಂದು ಅವುಗಳಿಗೆ ಉಣ್ಣಿ ಕಚ್ಚುವುದಿಲ್ಲವೆಂದಲ್ಲ.

ಅಟೋಪಿ ವಂಶದಲ್ಲಿ ಹರಿಯುವ ರೋಗ. ಅದಿರುವ ನಾಯಿಯಿಂದ, ಅದೆಷ್ಟೇ ಚೆಂದವಿರಲಿ, ಮರಿ ತೆಗೆಯಬಾರದು. ಮರಿ ಕೊಳ್ಳುವವರು ಸರ್ಟಿಫಿಕೇಟು ನೋಡುವ ಮೊದಲು ತಾಯಿನಾಯಿಯನ್ನು ತೋರಿಸಲು ಕೇಳಬೇಕು, ಅದರ ಮುಂಗಾಲಿನ ಬೆರಳ ಸಂದುಗಳನ್ನೂ ಕಿವಿಯ ಒಳಭಾಗವನ್ನೂ ನೋಡಬೇಕು. ಅಲ್ಲಿ ಕೆಂಪು, ತುಕ್ಕುಬಣ್ಣ, ಕಮಟು ವಾಸನೆ ಇದ್ದರೆ ಆ ಮನೆಯಿಂದ ಮರಿ ತರಬೇಡಿ.